ಕಣ್ಣು ತೋರಿಸಿ ಎಷ್ಟು ಸಮಯ ಆಯ್ತು?

ನನ್ನ ಮಾಮನ ಎದುರು ಕಣ್ಣು ಉಜ್ಜಬಾರದು. ಧೂಳು ಬಿದ್ದಿರಲಿ, ನಿದ್ದೆ ಬಂದಿರಲಿ, ಈರುಳ್ಳಿ ಹೆಚ್ಚಿ ಬಂದಿರಲಿ, ಆ ಕಡೆ ತಿರುಗಿ ಉಜ್ಜಿಕೊಳ್ಳುವುದು ಕ್ಷೇಮ. ಉಜ್ಜಿದ್ದು ಅವರಿಗೆ ಕಂಡಿತೋ, ಮರುದಿನ ಬೆಳಿಗ್ಗೆ ನೀವು ಮಣಿಪಾಲದ ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿರುತ್ತೀರಿ. ಪಕ್ಕದಲ್ಲಿ ಅವರೂ ಕುಳಿತಿರುತ್ತಾರೆ, ನೀವು ಎದ್ದು ಓಡದ ಹಾಗೆ!

ದಾರಿಯಲ್ಲಿ ಸಿಕ್ಕಿದವರನ್ನು ಉಳಿದವರು “ಊಟ ಆಯ್ತಾ?” ಎಂದು ಕೇಳುತ್ತಾರೆ, “ಎಲ್ಲಿಗೆ ಹೊರಟದ್ದು?” ಎಂದು ಕೇಳುತ್ತಾರೆ. ಮಾಮನದ್ದು ಒಂದೇ ಪ್ರಶ್ನೆ. “ಕಣ್ಣು ತೋರಿಸಿ ಎಷ್ಟು ಸಮಯ ಆಯ್ತು?” ಮದುವೆ ಮನೆಯಲ್ಲೂ ಅದೇ, ಉತ್ತರಕ್ರಿಯೆಯ ಬೊಜ್ಜದ ಮನೆಯಲ್ಲೂ ಅದೇ. ನಮ್ಮ ಮನೆಗಳಲ್ಲಿ ಮಾತು ತುಳು. ನಾನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಈ ಪ್ರಶ್ನೆಯನ್ನು ಅವರು ತುಳು, ಕನ್ನಡ, ಕೊಂಕಣಿ, ಹಿಂದಿ ನಾಲ್ಕರಲ್ಲೂ ಕೇಳಬಲ್ಲರು. ಅರಬ್ಬಿಯಲ್ಲೂ ಕೇಳಬಲ್ಲರಂತೆ, ಅವರ ಊರಾದ ಕಾಪುವಿನಲ್ಲಿ ಅದರ ಅಗತ್ಯ ಬಿದ್ದಿಲ್ಲ ಅಷ್ಟೆ.

ಇವರು ನನ್ನ ಅಮ್ಮನ ತಮ್ಮ. ಪ್ರಾಯದಲ್ಲಿ ಗಲ್ಫಿಗೆ ಹೋಗಿ, ಅಲ್ಲಿಯ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರು. ಆಕಾಶದಲ್ಲಿ ನೇತುಹಾಕಿದಂಥ ಗೂಡಿನೊಳಗೆ ಕುಳಿತು, ಕೆಳಗೆ ಇರುವೆಯಷ್ಟು ಕಾಣುವ ಮನುಷ್ಯರ ನಡುವೆ ಲಾರಿಯಷ್ಟು ದೊಡ್ಡ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸುವ ಕೆಲಸ. ಕಣ್ಣು ಒಂದು ಗೇಣು ತಪ್ಪಿದರೆ ಕೆಳಗಿದ್ದವನ ಕಥೆ ಮುಗಿಯಿತು. ಆದ್ದರಿಂದ ಕಂಪನಿಯವರು ವರ್ಷ ವರ್ಷ ಕಣ್ಣಿನ ಪರೀಕ್ಷೆ ಮಾಡಿಸುತ್ತಿದ್ದರು. ಗಲ್ಫಿನಿಂದ ಕೆಲಸ ಬಿಟ್ಟು ಬರುವವರು ಸೆಂಟು ತರುತ್ತಾರೆ, ಕಂಬಳಿ ತರುತ್ತಾರೆ. ನಮ್ಮ ಮಾಮ ತಂದದ್ದು ಕಣ್ಣಿನ ಪರೀಕ್ಷೆ! ಅದನ್ನು ಕಾಪುವಿನಿಂದ ಕಾರ್ಕಳದವರೆಗೆ ಇರುವ ಎಲ್ಲ ನೆಂಟರಿಗೂ ಹಂಚಿದರು. ಬೇಡ ಎಂದರೂ ಬಿಡಲಿಲ್ಲ.

ಅವರ ಕಾನೂನು ಹೀಗೆ. ಮಕ್ಕಳಿಗೆ ಶಾಲೆಗೆ ಸೇರಿಸುವ ಮೊದಲು ಒಮ್ಮೆ. ಕನ್ನಡಕ ಬಂದ ಮಕ್ಕಳಿಗೆ ವರ್ಷಕ್ಕೊಮ್ಮೆ. ತೊಂದರೆ ಇಲ್ಲದ ಪ್ರಾಯದವರಿಗೆ ಸ್ವಲ್ಪ ಸಡಿಲ. ನಲವತ್ತು ದಾಟಿದರೆ ಎರಡು ವರ್ಷಕ್ಕೊಮ್ಮೆಯಾದರೂ ತೋರಿಸಲೇಬೇಕು. ಅರುವತ್ತಾಯಿತೋ, ವರ್ಷಕ್ಕೊಮ್ಮೆ. ಸಕ್ಕರೆ ಕಾಯಿಲೆಯವರಿಗೆ ಪ್ರಾಯ ಎಷ್ಟೇ ಇರಲಿ, ಕಣ್ಣು ಎಷ್ಟೇ ಚೆನ್ನಾಗಿ ಕಾಣಲಿ, ವರ್ಷ ತಪ್ಪಬಾರದು. ಇದೆಲ್ಲ ಮಾಮ ತಲೆಯಿಂದ ಹುಟ್ಟಿಸಿದ್ದಲ್ಲ, ಮಣಿಪಾಲದ ಡಾಕ್ಟರರನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದು. ಡಾಕ್ಟರರು ಹೇಳುವಾಗ ಅದು ಸಲಹೆಯಾಗಿತ್ತು. ಮಾಮನ ಬಾಯಿಗೆ ಬಂದ ಮೇಲೆ ಪೊಲೀಸು ಸಮನ್ಸ್ ಆಯಿತು.

“ನನಗೆ ಕಣ್ಣು ಸರಿ ಕಾಣ್ತದಲ್ಲ ಮಾರಾಯ, ಮತ್ತೆ ಎಂತಕ್ಕೆ ತೋರಿಸುವುದು?” ಎಂದು ಅಮ್ಮ ಒಮ್ಮೆ ವಾದಿಸಿದ್ದಳು.

“ಕಾಣುವಾಗಲೇ ತೋರಿಸಬೇಕು ಅಕ್ಕ. ಕಾಣದ ಮೇಲೆ ತೋರಿಸಲಿಕ್ಕೆ ಎಂತ ಉಂಟು?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಅಮ್ಮ ಸೀರೆ ಬದಲಾಯಿಸಿ ಹೊರಟಳು.

ನನ್ನ ತಂಗಿಯನ್ನು ನೋಡಲು ಕಾರ್ಕಳದ ನಮ್ಮ ಮನೆಗೆ ಹುಡುಗ ಬಂದಿದ್ದ. ಬ್ಯಾಂಕಿನಲ್ಲಿ ಕೆಲಸ, ತಗ್ಗಿಸಿದ ತಲೆ, ಒಳ್ಳೆಯ ಮನೆತನ. ಬನ್ಸು, ಚಹಾ ಆಯಿತು. ಎಲ್ಲರೂ ಜಾತಕದ ಬಗ್ಗೆ ಮಾತಾಡುತ್ತಿರುವಾಗ ಮಾಮ ಗಂಟಲು ಸರಿಮಾಡಿಕೊಂಡರು.

“ಆ ಗೋಡೆಯ ಕ್ಯಾಲೆಂಡರ್ ನೋಡಿ. ನಾಳೆ ಯಾವ ತಿಥಿ ಅಂತ ಓದಿ ಹೇಳಿ, ನೋಡುವಾ.”

ಹುಡುಗ ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ. ಕುರ್ಚಿಯಿಂದ ಅರ್ಧ ಎದ್ದು ನೋಡಿದ. ಕೊನೆಗೆ “ದಶಮಿ ಇರಬೇಕು” ಎಂದ. “ಇರಬೇಕು ಅಂದರೆ? ಅದು ಚೌತಿ!” ಎಂದರು ಮಾಮ. “ಮೊದಲು ಕಣ್ಣು ತೋರಿಸಿಕೊಂಡು ಬನ್ನಿ. ಮತ್ತೆ ಮಾತಾಡುವಾ.”

ಹುಡುಗನ ಅಪ್ಪನ ಮುಖ ಕೆಂಪಾಯಿತು. ಈ ಸಂಬಂಧ ಮುರಿದು ಬಿತ್ತೆಂದು ಅಮ್ಮ ಒಳಗೆ ಹೋಗಿ ಕುಳಿತಳು. ಆದರೆ ಹುಡುಗ ನಿಜವಾಗಿ ಒಳ್ಳೆಯವನು. ಮರುವಾರ ತೋರಿಸಿಕೊಂಡ. ಎರಡೂ ಕಣ್ಣಿಗೆ ಒಳ್ಳೆಯ ಪವರು ಬಂದಿತ್ತು. ಹೊಸ ಕನ್ನಡಕ ಹಾಕಿಕೊಂಡು ಮತ್ತೆ ಬಂದು, ತಂಗಿಯನ್ನು ಇನ್ನೊಮ್ಮೆ ನೋಡಿ, ಆಗಬಹುದು ಎಂದ. ಮಾಮ ಮನೆಯ ಇಡೀ ಚಾವಡಿಗೆ ಕೇಳುವ ಹಾಗೆ ತೀರ್ಪು ಕೊಟ್ಟರು: “ಸರಿಯಾಗಿ ಕಂಡ ಮೇಲೂ ಒಪ್ಪಿದ್ದಾನೆ ಅಲ್ವಾ? ಧೈರ್ಯದಿಂದ ಕೊಡಿ!”

ತಂಗಿ ಒಂದು ತಿಂಗಳು ಮಾಮನ ಹತ್ತಿರ ಮಾತಾಡಲಿಲ್ಲ.

ಬಸ್ಸಿನವರನ್ನೂ ಬಿಟ್ಟವರಲ್ಲ. ಕಾಪುವಿನಿಂದ ಉಡುಪಿಗೆ ಬರುವ ಎಕ್ಸ್‌ಪ್ರೆಸ್ಸಿನಲ್ಲಿ ಡ್ರೈವರನ ಹಿಂದೆಯೇ ನಿಂತು, “ಅಲ್ಲಿ ಮುಂದೆ ಬೋರ್ಡಿನಲ್ಲಿ ಎಂತ ಬರೆದಿದ್ದಾರೆ, ಓದಿ ನೋಡುವಾ” ಎಂದಿದ್ದಾರೆ. ಡ್ರೈವರ್ ತಿರುಗದೆ ಹೇಳಿದನಂತೆ: “ಉಡುಪಿ ಅಂತ ಬರೆದಿದ್ದಾರೆ. ಓದದಿದ್ದರೂ ಬಸ್ಸು ಅಲ್ಲಿಗೇ ಹೋಗುವುದು, ನೀವು ಕೂತುಕೊಳ್ಳಿ ಮಾರಾಯ್ರೆ!” ಅಂದಿನಿಂದ ಕಂಡಕ್ಟರ್ ಇವರಿಗೆ ಹಿಂದಿನ ಸೀಟನ್ನೇ ತೋರಿಸುತ್ತಿದ್ದ.

ಇನ್ನು ಮಾಮಿಯ ವಿಷಯ. ಮಾಮಿಗೆ ಸಕ್ಕರೆ ಕಾಯಿಲೆ ಉಂಟು. ವರ್ಷದ ಪರೀಕ್ಷೆಯ ದಿನ ಮರೆತುಹೋಗಬಾರದೆಂದು ಮಾಮ ಒಂದು ಉಪಾಯ ಮಾಡಿದರು. ಅದನ್ನು ಮದುವೆಯಾದ ದಿನಕ್ಕೇ ನಿಗದಿ ಮಾಡಿಬಿಟ್ಟರು! ಲೋಕದ ಗಂಡಂದಿರು ಆ ದಿನ ಹೆಂಡತಿಯನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಮಾಮಿ ಇದ್ದ ರೇಷ್ಮೆ ಸೀರೆಯನ್ನೇ ಉಟ್ಟು, ಮಲ್ಲಿಗೆ ಮುಡಿದು, ಸ್ಕೂಟರಿನ ಹಿಂದೆ ಕುಳಿತು ಕಣ್ಣಿನ ಆಸ್ಪತ್ರೆಗೆ ಹೋಗುತ್ತಿದ್ದರು. ಬರುವಾಗ ಉಡುಪಿಯಲ್ಲಿ ಒಂದು ಮಸಾಲೆ ದೋಸೆ. “ಎಂಥ ಭಾಗ್ಯ ನೋಡು ನನ್ನದು” ಎಂದು ಮಾಮಿ ನಮ್ಮೆಲ್ಲರ ಎದುರು ಹೇಳಿ ನಗುತ್ತಿದ್ದರು.

ಆದರೆ ಒಂದು ವರ್ಷ ಡಾಕ್ಟರರು ಮಾಮಿಯ ಕಣ್ಣಿನ ಒಳಗೆ ದೀಪ ಬಿಟ್ಟು ನೋಡುತ್ತಾ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆ. ಮಾಮಿ ಹಿಂದಿನ ದಿನವಷ್ಟೇ ಸೂಜಿಗೆ ನೂಲು ಪೋಣಿಸಿ ರವಿಕೆಗೆ ಹುಕ್ಕು ಹೊಲಿದಿದ್ದರು. ಏನೂ ಗೊತ್ತೇ ಆಗಿರಲಿಲ್ಲ. ಸರಿಯಾದ ಸಮಯಕ್ಕೆ ಲೇಸರ್ ಮಾಡಿದ್ದರಿಂದ ಕಣ್ಣು ಉಳಿಯಿತು. ಅಂದಿನಿಂದ ಮಾಮಿ ತಮಾಷೆ ಮಾಡುವುದನ್ನು ಕಡಿಮೆ ಮಾಡಿದರು. ನಾವೂ ಕಡಿಮೆ ಮಾಡಿದೆವು. ಪೂರ್ತಿ ಬಿಟ್ಟೆವೆಂದು ಹೇಳಿದರೆ ಸುಳ್ಳಾಗುತ್ತದೆ.

ಇಂಥ ಮಾಮ, ಎರಡು ವರ್ಷದ ಹಿಂದೆ, ತಮ್ಮದೇ ಗೇಟಿನ ಎಡಗಡೆಯ ಕಂಬಕ್ಕೆ ಸ್ಕೂಟರ್ ತಾಗಿಸಿದರು. ಕನ್ನಡಿ ಒಡೆಯಿತು. “ಕಂಬವನ್ನು ಕಟ್ಟಿದ್ದೇ ಸರಿಯಿಲ್ಲ, ಒಳಗೆ ಬಂದಿದೆ” ಎಂದರು. ಹೊಸ ಕನ್ನಡಿ ಹಾಕಿಸಿದರು. ಕಂಬ ಪುನಃ ಒಳಗೆ ಬಂದು ಅದನ್ನೂ ಒಡೆಯಿತು!

ಪಕ್ಕದ ಮನೆಯ ಸಿಸಿಲಿಯಾ ಬಾಯಿ ಒಂದು ದಿನ ನನ್ನ ಹತ್ತಿರ ದೂರು ಹೇಳಿದರು. “ನಿಮ್ಮ ಮಾಮನಿಗೆ ಈಗೀಗ ಎಂಥ ಅಹಂಕಾರ! ರೋಸಿನಲ್ಲಿ ನಾನು ಅವರ ಎಡಪಕ್ಕದಲ್ಲೇ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೇನೆ ಗೊತ್ತುಂಟಾ? ಒಂದು ಮಾತಿಲ್ಲ. ನನ್ನ ಕಣ್ಣನ್ನೂ ಕೇಳಲಿಲ್ಲ!” ರೋಸು ಎಂದರೆ ಅವರ ಕ್ರಿಶ್ಚಿಯನ್ನರಲ್ಲಿ ಮದುವೆಯ ಮುಂಚಿನ ದಿನದ ಶಾಸ್ತ್ರ. ಊರಿಗೆ ಊರೇ ಸೇರುತ್ತದೆ. ಅಷ್ಟು ಜನರ ನಡುವೆ ಮಾಮ ಒಬ್ಬರ ಕಣ್ಣು ಕೇಳದೆ ಬಿಟ್ಟರೆ ಅದು ಅವಮಾನವೇ ಸರಿ. ನಾನು ನಕ್ಕುಬಿಟ್ಟೆ.

ನಮಗೆ ಯಾರಿಗೂ ಸಂಶಯ ಬರಲಿಲ್ಲ. ಹೇಗೆ ಬರುತ್ತದೆ ಹೇಳಿ? ಕಣ್ಣಿನ ಆಸ್ಪತ್ರೆಯಲ್ಲೇ ಅರ್ಧ ಬದುಕು ಕಳೆಯುವ ಮನುಷ್ಯನ ಕಣ್ಣಿನ ಬಗ್ಗೆ ಯಾರು ಯೋಚಿಸುತ್ತಾರೆ?

ಕಳೆದ ವರ್ಷದ ಒಂದು ಸಂಕ್ರಮಣ ಶನಿವಾರ ಬಂದಿತ್ತು. ಮಾಮ, ಮಾಮಿ ಪೆರ್ಡೂರಿನ ದೇವಸ್ಥಾನಕ್ಕೆಂದು ಸ್ಕೂಟರಿನಲ್ಲಿ ಹೊರಟಿದ್ದರು. ಕಟಪಾಡಿಯಿಂದ ಒಳದಾರಿ ಹಿಡಿದು ಅಲೆವೂರಿಗೆ ಬಂದಾಗ, ಎಡಗಡೆಯ ಓಣಿಯಿಂದ ಮೀನು ಮಾರುವವನ ಮೊಪೆಡ್ ಬಂತು. ಮೀನಿನವರ ಹಾರ್ನ್ ನಿಮಗೆ ಗೊತ್ತಲ್ಲ? ಮೂರು ಮನೆ ಆಚೆಯ ಬೆಕ್ಕು ಎದ್ದು ಬರುವಂಥದ್ದು. ಆತ ಅದನ್ನು ಒತ್ತುತ್ತಲೇ ಬಂದಿದ್ದಾನೆ. ಮಾಮ ಅದು ಎಲ್ಲಿಂದಲೋ ಅಂದುಕೊಂಡು ನೇರ ಹೋಗಿದ್ದಾರೆ. ಮಾಮಿ ಕಿರುಚಿದ್ದರಿಂದ ಬ್ರೇಕ್ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಮೊಪೆಡ್ ಚರಂಡಿಯ ಬದಿಗೆ ವಾಲಿ, ಪೆಟ್ಟಿಗೆ ಮಗುಚಿ, ಬಂಗುಡೆ ಎಲ್ಲ ರಸ್ತೆಗೆ ಬಿತ್ತು. ಐಸಿನ ನೀರು ಮಾಮಿಯ ರೇಷ್ಮೆ ಸೀರೆಗೆ ಹಾರಿತು. ದೇವಸ್ಥಾನದ ಮಾತು ಅಲ್ಲಿಗೇ ಮುಗಿಯಿತು.

ಮೀನಿನವನು ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ಮಾಮನನ್ನು ಕೇಳಿದ:

“ನಿಮಗೆ ಕಣ್ಣು ಕಾಣುವುದಿಲ್ವಾ?”

ಯಾರನ್ನು ಕೇಳಿದ ನೋಡಿ! ಇಡೀ ತಾಲೂಕಿನ ಕಣ್ಣು ಕಾಯುವ ಮನುಷ್ಯನನ್ನು! ಬೇರೆ ದಿನವಾಗಿದ್ದರೆ ಮಾಮ ಅವನನ್ನೇ ಹಿಡಿದು ಮಣಿಪಾಲಕ್ಕೆ ಒಯ್ಯುತ್ತಿದ್ದರು. ಅಂದು ಕೆಳಗೆ ಕುಳಿತು ಬಂಗುಡೆ ಹೆಕ್ಕತೊಡಗಿದರಂತೆ. ಹತ್ತಿರದ ಮನೆಯವರ ನಲ್ಲಿಯಲ್ಲಿ ಎಲ್ಲವನ್ನೂ ತೊಳೆದು ಪೆಟ್ಟಿಗೆಗೆ ತುಂಬಿಕೊಟ್ಟರು. ಎರಡು ಮೀನು ಬೆಕ್ಕುಗಳ ಪಾಲಾಯಿತು.

ಆಮೇಲೆ ಸ್ಕೂಟರ್ ಸ್ಟಾರ್ಟ್ ಮಾಡಿ, “ಹತ್ತು” ಎಂದರು.

“ಹತ್ತುವುದಿಲ್ಲ” ಎಂದರು ಮಾಮಿ. “ನಿಮ್ಮ ಕಣ್ಣು ತೋರಿಸಿ ಎಷ್ಟು ಸಮಯ ಆಯ್ತು?”

ಮಾಮಿ ಚೀಲವನ್ನು ಹೆಗಲಿಗೇರಿಸಿ ಮಣಿಪಾಲದ ದಾರಿ ಹಿಡಿದು ನಡೆಯತೊಡಗಿದರು. ಮಾಮ ಸ್ಕೂಟರ್ ಆಫ್ ಮಾಡಿ, ತಳ್ಳಿಕೊಂಡು ಹಿಂದೆ ಹೊರಟರು. ನಡೆಯುತ್ತಲೇ ಮಾಮಿ ನನಗೆ ಫೋನ್ ಮಾಡಿದರು. ನಾನು ನಿಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುವವಳು, ಈಗ ಉಡುಪಿಯಲ್ಲಿ ಮನೆ. ಅಂದು ರಜೆ. ಕಾರು ತೆಗೆದುಕೊಂಡು ಹೋದರೆ, ಏರಿನಲ್ಲಿ ಈ ಮೆರವಣಿಗೆ! ಮುಂದೆ ರೇಷ್ಮೆ ಸೀರೆಯ ಮಾಮಿ, ಹಿಂದೆ ಬೆವರು ಸುರಿಸುತ್ತಾ ಸ್ಕೂಟರ್ ತಳ್ಳುವ ಮಾಮ, ಅವರ ಹಿಂದೆ ಮೀನಿನ ವಾಸನೆ ಹಿಡಿದು ಬಂದ ಒಂದು ನಾಯಿ.

“ಪೆಟ್ರೋಲ್ ಖಾಲಿಯಾ?” ಎಂದು ದಾರಿಯವರು ಕೇಳುತ್ತಿದ್ದರು. ಮಾಮ “ಹೌದು” ಎನ್ನುತ್ತಿದ್ದರು. ಮಾಮಿ “ಅಲ್ಲ” ಎನ್ನುತ್ತಿದ್ದರು.

ನಾನು ಬಾಗಿಲು ತೆಗೆದೆ. ಮಾಮಿ ಹತ್ತುವ ಮೊದಲು ನನ್ನಿಂದ ಮಾತು ತೆಗೆದುಕೊಂಡರು. “ನೇರ ಕಣ್ಣಿನ ಆಸ್ಪತ್ರೆಗಾದರೆ ಮಾತ್ರ ಹತ್ತುತ್ತೇನೆ.” ಸ್ಕೂಟರನ್ನು ಒಂದು ಅಂಗಡಿಯ ಎದುರು ನಿಲ್ಲಿಸಿ ಹೊರಟೆವು.

ಆಸ್ಪತ್ರೆಯ ಕೌಂಟರಿನ ಹುಡುಗಿ ಮಾಮನನ್ನು ಕಂಡದ್ದೇ ಮುಖ ಅರಳಿಸಿದಳು. “ಬನ್ನಿ ಅಂಕಲ್. ಇವತ್ತು ಯಾರನ್ನು ಕರೆದುಕೊಂಡು ಬಂದದ್ದು?”

“ಇವರನ್ನೇ” ಎಂದರು ಮಾಮಿ.

“ನಿಮ್ಮ ಕಾರ್ಡ್ ನಂಬರ್ ಹೇಳಿ ಅಂಕಲ್.”

ಮಾಮ ಒಂದು ನಂಬರ್ ಹೇಳಿದರು. ಅವಳು ಕಂಪ್ಯೂಟರ್ ನೋಡಿ, “ಇದು ಆಂಟಿಯದ್ದು” ಎಂದಳು. ಇನ್ನೊಂದು ಹೇಳಿದರು. ಅದು ಕಾರ್ಕಳದ ನನ್ನ ಅಮ್ಮನದ್ದು. ಮತ್ತೊಂದು ಹೇಳಿದರು. ಅದು ನನ್ನದೇ! ಮನೆಮಂದಿಯ ನಂಬರೆಲ್ಲ ಬಾಯಿಗೆ ಬರುತ್ತಿತ್ತು. ತಮ್ಮದೊಂದೇ ಇರಲಿಲ್ಲ. ಊರಿಗೆ ಬಂದ ಇಷ್ಟು ವರ್ಷದಲ್ಲಿ ಅವರು ಪರೀಕ್ಷೆಯ ಕುರ್ಚಿಯಲ್ಲಿ ಒಮ್ಮೆಯೂ ಕುಳಿತಿರಲಿಲ್ಲ.

ಬೆಂಚಿನಲ್ಲಿ ನಾನು ಅವರ ಪಕ್ಕ ಕುಳಿತೆ. ಮಾಮಿ ಸೀರೆ ತೊಳೆದುಕೊಳ್ಳಲು ಹೋಗಿದ್ದರು. ಮಾಮನ ಕೈ ಮುಟ್ಟಿದರೆ ತಣ್ಣಗೆ ಐಸಿನ ಹಾಗೆ.

“ಎಂತ ಮಾಮ, ಹೆದರಿಕೆಯಾ?”

ಮಾಮ ಎದುರಿನ ಗೋಡೆ ನೋಡುತ್ತಾ ಹೇಳಿದರು. “ಗಲ್ಫಿನಲ್ಲಿ ವರ್ಷಕ್ಕೊಮ್ಮೆ ಕಣ್ಣು ನೋಡ್ತಿದ್ದರಲ್ಲ, ಅದರಲ್ಲಿ ಫೇಲ್ ಆದರೆ ಆ ವಾರವೇ ಟಿಕೆಟ್ ಕೈಗೆ ಕೊಟ್ಟು ಊರಿಗೆ ಕಳಿಸ್ತಾರೆ. ನನ್ನ ರೂಮಿನಲ್ಲಿ ನಮ್ಮ ಕಡೆಯವನೇ ಒಬ್ಬ ಇದ್ದ. ಬೆಳಿಗ್ಗೆ ನನ್ನ ಒಟ್ಟಿಗೆ ತಮಾಷೆ ಮಾಡಿಕೊಂಡು ಪರೀಕ್ಷೆಗೆ ಬಂದವ, ಸಂಜೆ ನೋಡುವಾಗ ಪೆಟ್ಟಿಗೆ ಕಟ್ಟುತ್ತಿದ್ದಾನೆ. ಊರಲ್ಲಿ ಅರ್ಧ ಕಟ್ಟಿದ ಮನೆ, ತಂಗಿಯ ಮದುವೆ ಎಲ್ಲ ಬಾಕಿ. ಪ್ರತಿ ವರ್ಷ ನಾನು ಆ ಕುರ್ಚಿಯಲ್ಲಿ ಕೂತುಕೊಳ್ಳುವಾಗ ಅವನ ಮುಖ ಬರ್ತಿತ್ತು. ಕೆಲಸ ಮುಗಿಸಿ ವಿಮಾನ ಹತ್ತಿದೆನಲ್ಲ, ಆವಾಗ ಒಂದೇ ಸಮಾಧಾನ. ಇನ್ನು ಆ ಕುರ್ಚಿಯಲ್ಲಿ ಕೂತುಕೊಳ್ಳಲಿಕ್ಕಿಲ್ಲ ಅಂತ.”

“ಮತ್ತೆ ನಮ್ಮನ್ನೆಲ್ಲ ಹಿಡಿದು ಹಿಡಿದು ಕೂರಿಸಿದಿರಲ್ಲ ಮಾಮ?”

“ನಿಮ್ಮನ್ನು ಯಾರೂ ಕಳಿಸುವುದಿಲ್ಲ ಅಲ್ವಾ ಮಗಾ” ಎಂದರು. “ನಿಮಗೆ ಮದ್ದು ಕೊಡ್ತಾರೆ ಅಷ್ಟೆ.”

ನನಗೆ ನಗು ಬರಲಿಲ್ಲ.

ಹೆಸರು ಕರೆದರು. ಕಣ್ಣಿನ ಒತ್ತಡ ನೋಡಿದರು. ಒಂದು ಯಂತ್ರದೊಳಗೆ ಮುಖ ಇರಿಸಿ, ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಗೆ ನಿಂತ ನಮಗೆ ಗುಂಡಿಯ ಟಿಕ್ ಟಿಕ್ ಕೇಳುತ್ತಿತ್ತು. ನಡುವೆ ಕೆಲವು ಸಲ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಆಗೆಲ್ಲ ಮಾಮಿ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಡಾಕ್ಟರ್ ಪ್ರಾಯದ ಹುಡುಗಿ, ಮೆಲ್ಲಗೆ ಮಾತಾಡುವವರು. ನಮ್ಮನ್ನೂ ಒಳಗೆ ಕರೆದರು.

“ಅಂಕಲ್, ಇದು ಗ್ಲಾಕೋಮಾ. ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಸೋತಿದೆ. ಎಡಗಣ್ಣಿನಲ್ಲಿ ಬದಿಯ ನೋಟ ಹೋಗಿದೆ, ಬಲಗಣ್ಣಿನಲ್ಲಿ ಈಗ ಶುರು. ನೋವಿಲ್ಲ, ಉರಿಯಿಲ್ಲ, ನೇರ ನೋಡಿದರೆ ಎಲ್ಲ ಕಾಣ್ತದೆ. ಹಾಗಾಗಿ ಗೊತ್ತೇ ಆಗುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ. ಆದರೆ ದಿನಾ ಕಣ್ಣಿಗೆ ಮದ್ದಿನ ಹನಿ ಬಿಟ್ಟರೆ ಇರುವುದನ್ನು ಉಳಿಸಿಕೊಳ್ಳಬಹುದು. ಸ್ಕೂಟರ್ ಮಾತ್ರ ಬೇಡ.”

ಮಾಮ ತಲೆಯಾಡಿಸಿದರು. ಹಳೆಯ ಕಾನೂನು ನೆನಪಿಗೆ ಬಂತೆಂದು ಕಾಣುತ್ತದೆ. “ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕಲ್ಲ?” ಎಂದು ಕೇಳಿದರು.

“ವರ್ಷಕ್ಕೊಮ್ಮೆ ತೊಂದರೆ ಇಲ್ಲದವರಿಗೆ. ನೀವು ನಾಲ್ಕು ತಿಂಗಳಿಗೊಮ್ಮೆ ಬರಬೇಕು. ನಿಮ್ಮ ಒಡಹುಟ್ಟಿದವರೂ ತೋರಿಸಬೇಕು, ಇದು ಕುಟುಂಬದಲ್ಲಿ ಬರ್ತದೆ.”

“ಅಕ್ಕನದ್ದು ವರ್ಷ ವರ್ಷ ಮಾಡಿಸ್ತಾ ಇದ್ದೇನೆ” ಎಂದರು ಮಾಮ. ಆ ಒಂದು ಕ್ಷಣ ಮುಖದಲ್ಲಿ ಹಳೆಯ ಗತ್ತು ಬಂತು. ಅದು ನಿಜವೇ. ಅಮ್ಮನ ಕಣ್ಣಿನ ಒತ್ತಡವೆಲ್ಲ ಕಂಪ್ಯೂಟರಿನಲ್ಲಿ ಇತ್ತು, ಎಲ್ಲವೂ ಸರಿಯಿತ್ತು. ಡಾಕ್ಟರ್ ನೋಡಿ, “ಒಳ್ಳೆಯ ಕೆಲಸ ಮಾಡಿದ್ದೀರಿ ಅಂಕಲ್” ಎಂದರು.

ಮದ್ದಿನ ಚೀಟಿ ಬರೆಯುತ್ತಿರುವಾಗ ಮಾಮ ಕುರ್ಚಿಯ ತುದಿಗೆ ಸರಿದು, ತಗ್ಗಿದ ಸ್ವರದಲ್ಲಿ ಕೇಳಿದರು.

“ಹಾಗಾದರೆ... ನನ್ನನ್ನು ಕಳಿಸ್ತೀರಾ?”

ಪಾಪ, ಆ ಡಾಕ್ಟರರಿಗೆ ಬಂದರಿನ ಕಥೆಯೂ ಗೊತ್ತಿಲ್ಲ, ಕ್ರೇನೂ ಗೊತ್ತಿಲ್ಲ. “ಓ, ಕಳಿಸ್ತೇವೆ ಅಂಕಲ್” ಎಂದು ನಕ್ಕರು. “ಅಡ್ಮಿಟ್ ಎಂತ ಬೇಡ. ಈಗಲೇ ಮನೆಗೆ ಹೋಗಬಹುದು, ಆಂಟಿ ಇದ್ದಾರಲ್ಲ, ಮದ್ದು ಬಿಡ್ತಾರೆ.”

ಮಾಮ ಅವರನ್ನು ನೋಡಿದರು. ಮಾಮಿಯನ್ನು ನೋಡಿದರು. ಒಂದು ದೊಡ್ಡ ಉಸಿರು ಬಿಟ್ಟು ನಗತೊಡಗಿದರು. ಡಾಕ್ಟರರಿಗೆ ಏನೂ ಅರ್ಥವಾಗದೆ ಅವರೂ ನಕ್ಕರು.

ಈಗ ಸ್ಕೂಟರಿನ ಕೀಲಿ ಮಾಮಿಯ ಬೀರುವಿನಲ್ಲಿ ಇದೆ. ಸಿಸಿಲಿಯಾ ಬಾಯಿಗೆ ವಿಷಯ ತಿಳಿಸಿದ್ದೇವೆ. ಅವರೀಗ ಮಾಮನ ಬಲಗಡೆಗೆ ಬಂದು ನಿಂತು ಜಗಳ ಮಾಡುತ್ತಾರೆ.

ಮೊನ್ನೆ ಸಂಜೆ ಕಾಪುವಿಗೆ ಹೋಗಿದ್ದೆ. ಚಾವಡಿಯ ಮಂಚದಲ್ಲಿ ಮಾಮ ಅಂಗಾತ ಮಲಗಿದ್ದರು. ಮಾಮಿ ಅವರ ತಲೆಯ ಹತ್ತಿರ ಕುಳಿತು, ರೆಪ್ಪೆ ಬಿಡಿಸಿ, ಬಾಟಲಿ ಹಿಡಿದು, ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟರು. ಮದ್ದು ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿರಬೇಕಂತೆ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಬೇಕಂತೆ. ಮಾಮಿ ಹಾಗೇ ಎರಡು ಬೆರಳು ಒತ್ತಿ ಹಿಡಿದು, ಬಗ್ಗಿ, ಅವರ ಮುಖವನ್ನೇ ನೋಡುತ್ತಾ ಕುಳಿತಿದ್ದರು. ಗಲ್ಫಿನ ಅಷ್ಟು ವರ್ಷಗಳಲ್ಲಿ ಎರಡು ವರ್ಷಕ್ಕೊಂದು ರಜೆ, ಆ ರಜೆಯ ತುಂಬ ನೆಂಟರು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಮಾಮಿ ಮಾಮನನ್ನು ನೋಡಿದ್ದು ಯಾವಾಗ?

ನಾನು ಚಪ್ಪಲಿಯ ಸದ್ದು ಮಾಡದೆ ಅಂಗಳದಲ್ಲೇ ನಿಂತೆ.

“ಇದ್ದೀಯಾ?” ಎಂದು ಮಾಮ ಕಣ್ಣು ಮುಚ್ಚಿಕೊಂಡೇ ಕೇಳಿದರು. ಮಾಮಿಯ ಬೆರಳು ಅವರ ಮುಖದ ಮೇಲೆಯೇ ಇತ್ತು. ಆದರೂ ಕೇಳಿದರು.

“ಇದ್ದೇನೆ” ಎಂದರು ಮಾಮಿ. “ಕಣ್ಣು ಬಿಡಬೇಡಿ.”